ಬಂದವರ ಸೀಮೆಯಲ್ಲಿ ಕಾಗದದ ಕಥೆ

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರು ಭಾರಿ ಮರಗಳಿವೆ. ಬೇಸಿಗೆಯಲ್ಲಿ ಎಲೆ ಉದುರಿದಾಗ ನೋಡಿದರೆ ಯಾರೋ ಮರವನ್ನು ತಲೆಕೆಳಗಾಗಿ ನೆಟ್ಟು ಬೇರುಗಳನ್ನು ಆಕಾಶಕ್ಕೆ ಬಿಟ್ಟಂತೆ ಕಾಣುತ್ತದೆ. ಕಾಯಿಯ ಒಳಗಿನ ತಿರುಳು ಹುಳಿಯಾದ್ದರಿಂದ ಊರವರು ಇದನ್ನು ದೊಡ್ಡಹುಣಸೆ ಎಂದು ಕರೆದರು. ಮಠಕ್ಕೂ ಅದೇ ಹೆಸರು ನಿಂತಿತು. ಶ್ರೀಕೃಷ್ಣನೇ ನೆಟ್ಟ ಮರಗಳಿವು ಎಂಬ ಐತಿಹ್ಯವೂ ಹುಟ್ಟಿಕೊಂಡಿತು. ಸಸ್ಯಶಾಸ್ತ್ರದ ಪ್ರಕಾರ ಇದು ಹುಣಸೆಯ ಜಾತಿಯೇ ಅಲ್ಲ. ಆಫ್ರಿಕಾ ಖಂಡದ ಒಣಬಯಲುಗಳಲ್ಲಿ ಬೆಳೆಯುವ ಬಾವೋಬಾಬ್ ಮರ ಇದು. ಯಾವುದೋ ಕಾಲದಲ್ಲಿ, ಸಮುದ್ರ ದಾಟಿ ಬಂದ ಯಾರದೋ ಕೈಯಿಂದ ಅದರ ಬೀಜ ಈ ಕರಿಮಣ್ಣಿನ ಊರಿಗೆ ಬಂದಿರಬೇಕು.

2023ರ ಮಳೆಗಾಲದಲ್ಲಿ ಈ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿತು. ಕಡಿದು ಸೌದೆ ಮಾಡುವ ಬದಲು ಅದನ್ನು ಯಂತ್ರಗಳಿಂದ ಎತ್ತಿ ನಿಲ್ಲಿಸಿ ಮತ್ತೆ ನೆಡಲಾಯಿತು. ಮರ ಚಿಗುರಿತು. ಎಲ್ಲಿಂದಲೋ ಬಂದ ಮರವನ್ನು ಊರು ತನ್ನದೆಂದೇ ನಂಬಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮರಕ್ಕೆ ನೆಲ, ನೀರು ಮತ್ತು ಒಂದು ಹೆಸರು ಸಿಕ್ಕಿದರೆ ಸಾಕು. ಮನುಷ್ಯರ ವಿಷಯ ಅಷ್ಟು ಸುಲಭವಲ್ಲ. ಬಂದು ನೆಲೆಸಿದ ಮನುಷ್ಯನಿಗೆ ಊರು ಮೊದಲು ಕೇಳುವುದು ಹೆಸರು. ಅರಸೊತ್ತಿಗೆಯಾಗಲಿ ಸರ್ಕಾರವಾಗಲಿ ಕೇಳುವುದು ಕಾಗದ.

ಹಾನಗಲ್ಲು, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಆ ವರ್ಷ ಹೊಸದಾಗಿ ರಚನೆಯಾದ ಹಾವೇರಿ ಜಿಲ್ಲೆಗೆ ಸೇರಿದವು. ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಭತ್ತದ ಗದ್ದೆ, ಕಾಡು. ಪೂರ್ವಕ್ಕೆ ಜೋಳ, ಹತ್ತಿ ಬೆಳೆಯುವ ಬಯಲು. ನಡುವೆ ವರದಾ, ಧರ್ಮಾ, ಕುಮುದ್ವತಿ ನದಿಗಳು ಮತ್ತು ಕೆರೆಗಳು. ಕರಾವಳಿಯಿಂದ ಘಟ್ಟ ಹತ್ತಿ ಬಯಲಿಗೆ ಇಳಿಯುವವರಿಗೂ, ಬಯಲಿನಿಂದ ಉಪ್ಪಿಗಾಗಿ ಘಟ್ಟ ಇಳಿಯುವವರಿಗೂ ಇದು ದಾರಿ. ದಾರಿಯ ಮೇಲಿನ ಸೀಮೆಯಲ್ಲಿ ಜನ ನಿಲ್ಲುವುದು, ಹೋಗುವುದು, ಮತ್ತೆ ಹೊಸಬರು ಬರುವುದು ಸಹಜ. ಇಲ್ಲಿ ‘ಮೂಲದವರು’ ಯಾರು ಎಂದು ಹುಡುಕಹೊರಟರೆ ಉತ್ತರ ಸಿಗುವುದು ಕಷ್ಟ.

ಅಡ್ಡಹೆಸರುಗಳನ್ನೇ ನೋಡಬಹುದು. ಈ ಭಾಗದ ಅಡ್ಡಹೆಸರುಗಳಲ್ಲಿ ಬಹಳಷ್ಟು ಊರ ಹೆಸರುಗಳು. ಆದರೆ ಸಾಮಾನ್ಯವಾಗಿ ಅವು ಇರುವ ಊರಿನವಲ್ಲ, ಬಿಟ್ಟುಬಂದ ಊರಿನವು. ಹಾನಗಲ್ಲಿನಲ್ಲೇ ಇರುವವನನ್ನು ‘ಹಾನಗಲ್’ ಎಂದು ಗುರುತಿಸಿ ಪ್ರಯೋಜನವಿಲ್ಲ. ಅವನು ಹುಬ್ಬಳ್ಳಿಗೋ ಧಾರವಾಡಕ್ಕೋ ಹೋದಾಗ ಆ ಹೆಸರಿಗೆ ಅರ್ಥ ಬರುತ್ತದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರ ಹೆಸರು ಈ ಊರನ್ನು ದೇಶವೆಲ್ಲ ಕೇಳುವಂತೆ ಮಾಡಿತು. ಅತ್ತ 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರ ಅಡ್ಡಹೆಸರಿನಲ್ಲಿರುವುದು ಬೆಳಗಾವಿ ಜಿಲ್ಲೆಯ ಊರು. ಅಡ್ಡಹೆಸರೆಂದರೆ ಒಂದು ಮನೆತನ ಎಂದೋ ಗಾಡಿ ಕಟ್ಟಿದ್ದಕ್ಕೆ ಉಳಿದಿರುವ ಗುರುತು.

ಕಲ್ಲಿನ ಮೇಲಿನ ಕಾಗದ

ಈ ಸೀಮೆಗೆ ಬಂದವರ ಅತಿ ಹಳೆಯ ದಾಖಲೆಗಳು ಕಲ್ಲಿನ ಮೇಲಿವೆ. ಶಾಸನಗಳಲ್ಲಿ ಹಾನಗಲ್ಲು ‘ಪಾನುಂಗಲ್’. ಅದರ ಸುತ್ತಲಿನ ನಾಡು ‘ಪಾನುಂಗಲ್ ಐನೂರು’. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಅವರ ಕಾಲದ ವೈಭವಕ್ಕೆ ತಾರಕೇಶ್ವರ ಗುಡಿಯ ಕಮಲದ ಛತ್ತು ಇಂದಿಗೂ ಸಾಕ್ಷಿಯಾಗಿದೆ. ಅರಸರಿಗೆ ಬೇಕಾಗಿದ್ದುದು ಗುಡಿ ಮಾತ್ರವಲ್ಲ, ನೆಲವನ್ನು ಸಾಗುವಳಿಗೆ ತಂದು ಕೆರೆ ಕಟ್ಟಿ ಲೆಕ್ಕವಿಡುವ ಜನ. ಆದ್ದರಿಂದ ಬೇರೆ ಬೇರೆ ಕಡೆಯಿಂದ ವಿದ್ವಾಂಸರನ್ನೂ ಆಚಾರ್ಯರನ್ನೂ ಕರೆಸಿ ಅಗ್ರಹಾರ, ಮಠಗಳಿಗೆ ಭೂಮಿ ಬಿಟ್ಟರು. ತೆರಿಗೆಯಿಂದ ಮುಕ್ತವಾದ ಭೂಮಿಗೆ ‘ಸರ್ವನಮಸ್ಯ’ ಎಂದು ಹೆಸರು. ಸೂರ್ಯಚಂದ್ರರಿರುವವರೆಗೆ ಇದು ನಡೆಯಲಿ ಎಂದು ಕಲ್ಲಿನಲ್ಲಿ ಕೊರೆಸಿ, ಅಳಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಎಂದು ಶಾಪ ಹಾಕಿಸುವುದು ಅಂದಿನ ಪದ್ಧತಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ನೋಂದಣಿಯಾದ ಹಕ್ಕುಪತ್ರ.

ಹಿರೇಕೆರೂರು ಸೀಮೆಯ ಅಬ್ಬಲೂರಿನ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 1200ನೆಯ ಇಸವಿಯ ಈ ಶಾಸನ ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಅಬ್ಬಲೂರಿನ ಹೆಸರಿನೊಂದಿಗೆ ಬೆಸೆದುಹೋಗಿರುವ ರಾಮಯ್ಯ ಅಬ್ಬಲೂರಿನವನಲ್ಲ. ಶಾಸನದ ಪ್ರಕಾರ ಅವನು ಆಲಂದೆಯವನು, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದದವನು. ಅಲ್ಲಿಂದ ಹುಲಿಗೆರೆಗೆ, ಅಂದರೆ ಲಕ್ಷ್ಮೇಶ್ವರಕ್ಕೆ ಬಂದು, ಅಲ್ಲಿಂದ ಅಬ್ಬಲೂರಿಗೆ ಬಂದ. ಇಲ್ಲಿ ಜೈನರೊಂದಿಗೆ ವಾದ ನಡೆದು, ಬಿಜ್ಜಳನಿಂದ ಜಯಪತ್ರ ಪಡೆದ ಎಂದು ಶಾಸನ ಹೇಳುತ್ತದೆ. ಮುಂದೆ ಹಾನಗಲ್ಲ ಕದಂಬ ಕಾಮದೇವನೂ ಭೂದಾನ ಮಾಡಿದ. ಕಲಬುರಗಿ ಕಡೆಯಿಂದ ಬಂದ ಒಬ್ಬ ಶಿವಭಕ್ತನಿಗೆ ಹೀಗೆ ಹಿರೇಕೆರೂರು ಸೀಮೆಯಲ್ಲಿ ಶಾಶ್ವತವಾದ ಜಾಗ ದೊರೆಯಿತು.

ಅದೇ ಸೀಮೆಯ ಇನ್ನೊಂದು ಮುಖ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರಿನ ಈ ಊರು 9ನೆಯ ಶತಮಾನದ ಕೊನೆಯ ಹೊತ್ತಿಗೆ ಜೈನ ವಿದ್ಯೆಯ ಕೇಂದ್ರವಾಗಿತ್ತು. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯಲ್ಲಿ ಬಂಕಾಪುರದ ಹೆಸರಿದೆ. ಅರವತ್ತು ಕಂಬದ ಗುಡಿ ಎಂದು ಕರೆಯುವ ನಗರೇಶ್ವರ ಗುಡಿಯೂ ಅಲ್ಲೇ ಇದೆ. ಮುಂದೆ 1573ರ ಸುಮಾರಿಗೆ ವಿಜಾಪುರದ ಆದಿಲಶಾಹಿ ದಂಡು ಕೋಟೆಯನ್ನು ಗೆದ್ದುಕೊಂಡಿತು. ಜೈನ ಬಸದಿ, ಶೈವ ಗುಡಿ, ಸುಲ್ತಾನರ ಕೋಟೆ ಎಲ್ಲವೂ ಒಂದೇ ಊರಿನಲ್ಲಿ ಮಣ್ಣಿನ ಪದರಗಳಂತೆ ಕೂತವು. ಒಂದೊಂದು ಪದರದ ಜೊತೆಗೂ ಹೊಸ ಜನ ಬಂದರು, ಹಳಬರಲ್ಲಿ ಕೆಲವರು ಹೋದರು, ಬಹುಪಾಲು ಜನ ಹೊಸ ಒಡೆಯನಿಗೆ ಕಂದಾಯ ಕೊಟ್ಟು ಅಲ್ಲೇ ಉಳಿದರು.

ಸನದು ತಂದ ಪಠಾಣರು

ಎರಡನೆಯ ಬಗೆಯ ಕಾಗದ ಫಾರಸಿಯಲ್ಲಿ ಬಂತು. ವಿಜಾಪುರದ ದರ್ಬಾರಿನಲ್ಲಿ ಮಿಯಾನಾ ಎಂಬ ಆಫ್ಘನ್ ಕುಲದ ಪಠಾಣ ಸರದಾರರು ಪ್ರಬಲರಾಗಿದ್ದರು. 1686ರಲ್ಲಿ ವಿಜಾಪುರ ಔರಂಗಜೇಬನ ವಶವಾದಾಗ ಅವರಲ್ಲಿ ಒಬ್ಬನಾದ ಅಬ್ದುಲ್ ರವೂಫ್ ಖಾನ್ ಮೊಗಲರ ಸೇವೆಗೆ ಸೇರಿದ. ಅದಕ್ಕೆ ಪ್ರತಿಯಾಗಿ ದಿಲೇರ್ ಖಾನ್ ಎಂಬ ಬಿರುದೂ, ಬಂಕಾಪುರ, ತೋರಗಲ್ಲು ಮೊದಲಾದ ಕಡೆ 22 ಮಹಲುಗಳ ಜಹಗೀರೂ ದೊರೆತವು. ಮೊದಲು ಬಂಕಾಪುರದಲ್ಲಿದ್ದ ನವಾಬರ ಠಾಣೆ ಬಳಿಕ ಸವಣೂರಿಗೆ ಬಂತು. ಸವಣೂರು ರಾಜಧಾನಿಯಾಯಿತು.

ರಾಜಧಾನಿಯೆಂದರೆ ಅರಮನೆ ಒಂದೇ ಅಲ್ಲ. ಕುದುರೆ ಸವಾರರು, ಅವರ ಕುಟುಂಬಗಳು, ದರ್ಬಾರಿನ ಲೆಕ್ಕದವರು, ನೇಕಾರರು, ಅಕ್ಕಸಾಲಿಗರು, ವ್ಯಾಪಾರಿಗಳು, ಎಲ್ಲರೂ ಬೇಕು. ಹೀಗೆ ದಖನಿ ಮಾತನಾಡುವ ಓಣಿಗಳೂ ಕನ್ನಡ ಮಾತನಾಡುವ ಓಣಿಗಳೂ ಒಂದೇ ಪೇಟೆಯಲ್ಲಿ ಬೆರೆತವು. ಉತ್ತರಾದಿ ಮಠದ ಸತ್ಯಬೋಧ ತೀರ್ಥರು ನವಾಬರ ಈ ಊರಿನಲ್ಲೇ ನೆಲೆಸಿದರು. 1783ರಲ್ಲಿ ಇಲ್ಲಿಯೇ ಅವರ ವೃಂದಾವನವಾಯಿತು. ಇಂದಿಗೂ ಮಾಧ್ವರಿಗೆ ಸವಣೂರು ಎಂದರೆ ಮೊದಲು ನೆನಪಾಗುವುದು ಸತ್ಯಬೋಧರ ಸನ್ನಿಧಿ. ನವಾಬರು ಮತ್ತು ಸ್ವಾಮಿಗಳು ಇಬ್ಬರೂ ಬೇರೆ ಕಡೆಯಿಂದ ಬಂದವರು. ಇಬ್ಬರಿಂದಲೂ ಊರು ಬೆಳೆಯಿತು.

ಆಗಿನ ರಾಜಕಾರಣವನ್ನು ಧರ್ಮದ ಗೆರೆಯೊಂದರಿಂದಲೇ ಅಳೆಯಲಾಗದು ಎಂಬುದಕ್ಕೂ ಸವಣೂರೇ ಉದಾಹರಣೆ. 1756ರಲ್ಲಿ ಪೇಶ್ವೆ ಮತ್ತು ನಿಜಾಮ ಒಟ್ಟಾಗಿ ಬಂದು ಸವಣೂರಿಗೆ ಮುತ್ತಿಗೆ ಹಾಕಿದರು. ನಿಜಾಮನ ಜೊತೆ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳೂ ಇದ್ದವು. 1779ರಲ್ಲಿ ನವಾಬ ಅಬ್ದುಲ್ ಹಕೀಂ ಖಾನನ ಮನೆಗೂ ಹೈದರಾಲಿಯ ಮನೆಗೂ ಬೀಗತನ ನಡೆಯಿತು. ಆದರೆ 1786ರಲ್ಲಿ ಟಿಪ್ಪು ಸವಣೂರನ್ನು ವಶಪಡಿಸಿಕೊಂಡಾಗ ನವಾಬ ಆಶ್ರಯ ಪಡೆದದ್ದು ಮರಾಠರಲ್ಲಿ. ಪ್ರತಿ ಯುದ್ಧದ ಬಳಿಕ ಜಹಗೀರು ಕರಗುತ್ತ ಬಂತು. ಕೊನೆಗೆ ಬ್ರಿಟಿಷರ ಧಾರವಾಡ ಜಿಲ್ಲೆಯ ನಡುವೆ ಒಂದು ದ್ವೀಪದಂತೆ ಉಳಿದ ಸವಣೂರು ಸಂಸ್ಥಾನದ ವಿಸ್ತೀರ್ಣ ಸುಮಾರು 70 ಚದರ ಮೈಲಿ. 1901ರ ಜನಗಣತಿಯಲ್ಲಿ ಅದರ ಜನಸಂಖ್ಯೆ 18,446. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಸನದು ಚರಿತ್ರೆಯ ವಸ್ತುವಾಯಿತು. ಸವಣೂರಿನ ಹೆಸರನ್ನು ಇಂದು ಹೊರಗೆ ಒಯ್ಯುತ್ತಿರುವುದು ಅದರ ಎಲೆ ಮತ್ತು ಖಾರ.

ಇಷ್ಟರಲ್ಲಿ ಭಾಷೆ ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿತ್ತು. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಮುಸ್ಲಿಂ ಮನೆತನದಲ್ಲಿ 1819ರಲ್ಲಿ ಹುಟ್ಟಿದ ಷರೀಫರು ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಹೊಲ, ಗುಡಿಸಲು, ಕೋಳಿ, ಕೊಡೆಯಂಥ ದಿನಬಳಕೆಯ ಮಾತಿನಲ್ಲಿ ಕನ್ನಡ ತತ್ವಪದಗಳನ್ನು ಹಾಡಿದರು. 1889ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಗದ್ದಿಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ನವಾಬರ ಸಂಸ್ಥಾನದಲ್ಲಿ ಹುಟ್ಟಿದ ಗೋಕಾಕರು ಮುಂದೆ ಕನ್ನಡಕ್ಕೆ ಶಾಲೆಯಲ್ಲಿ ಯಾವ ಸ್ಥಾನವಿರಬೇಕು ಎಂದು ಹೇಳಿದ, ದೊಡ್ಡ ಚಳವಳಿಗೇ ಕಾರಣವಾದ ವರದಿಯ ಸಮಿತಿಗೆ ಅಧ್ಯಕ್ಷರಾದರು.

ಎತ್ತುಗಳ ಹಿಂದೆ ಬಂದವರು

ಮೂರನೆಯ ಗುಂಪಿಗೆ ಕಲ್ಲಿನ ಶಾಸನವಿರಲಿಲ್ಲ, ಸನದೂ ಇರಲಿಲ್ಲ. ಅವರೇ ಲಂಬಾಣಿಗಳು. ಧಾರವಾಡ ಸೀಮೆಯ ಬಾಯಲ್ಲಿ ಲಮಾಣಿಗಳು. ಲವಣ, ಅಂದರೆ ಉಪ್ಪು, ಎಂಬ ಮಾತಿನಿಂದ ಈ ಹೆಸರು ಬಂತು ಎನ್ನುವವರುಂಟು. ರಾಜಸ್ಥಾನದ ಕಡೆಯಿಂದ ಹೊರಟ ಈ ಜನ ಎತ್ತುಗಳ ಮೇಲೆ ಕಾಳು, ಉಪ್ಪು, ಹತ್ತಿ ಹೇರಿಕೊಂಡು ದೇಶ ಸುತ್ತುತ್ತಿದ್ದರು. 17ನೆಯ ಶತಮಾನದಲ್ಲಿ ಮೊಗಲರ ದಂಡು ದಖನಿಗೆ ಇಳಿದಾಗ ಅದಕ್ಕೆ ಕಾಳು ಪೂರೈಸಿದವರು ಇವರೇ. ಲಕ್ಷಗಟ್ಟಲೆ ಜನ ಮತ್ತು ಕುದುರೆಗಳು ಬೀಡುಬಿಟ್ಟ ಕಡೆ ಸುತ್ತಲಿನ ಹಳ್ಳಿಗಳ ಕಣಜ ಒಂದು ವಾರಕ್ಕೂ ಸಾಲದು. ದೂರದಿಂದ ಎತ್ತಿನ ಹಿಂಡುಗಳ ಮೇಲೆ ಕಾಳು ಬರದಿದ್ದರೆ ದಂಡು ಹಿಂದಿರುಗಬೇಕಾಗುತ್ತಿತ್ತು. ಸವಣೂರಿನ ನವಾಬರಿಗೆ ಸನದು ಕೊಟ್ಟ ಸಾಮ್ರಾಜ್ಯದ ದಂಡಿಗೆ ಅನ್ನ ಹೊತ್ತವರಿಗೆ ಯಾವ ಕಾಗದವೂ ಸಿಗಲಿಲ್ಲ. ಅವರು ಕೇಳಲೂ ಇಲ್ಲ. ನಿಲ್ಲುವವನಿಗೆ ಕಾಗದ ಬೇಕು, ನಡೆಯುವವನಿಗೆ ದಾರಿ ಸಾಕು.

ಬ್ರಿಟಿಷರೂ ಅವರನ್ನೇ ನೆಚ್ಚಿಕೊಂಡರು. 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು, ಆ ಜುಲೈ ತಿಂಗಳಲ್ಲಿ ಸವಣೂರಿನ ಸೀಮೆಯಲ್ಲಿದ್ದ. ಅವನ ಸೈನ್ಯಕ್ಕೂ ಕಾಳು ತಂದವರಲ್ಲಿ ಬಂಜಾರರು ಮುಖ್ಯರು. ಹಾನಗಲ್ಲು, ಶಿಗ್ಗಾವಿಗಳ ಕಾಡಂಚು ಅವರ ಹಿಂಡುಗಳಿಗೆ ಮೇವು, ನೀರು ಒದಗಿಸುವ ಜಾಗ. ಘಟ್ಟದ ಉಪ್ಪು ಬಯಲಿಗೆ, ಬಯಲಿನ ಜೋಳ ಘಟ್ಟದತ್ತ ಸಾಗುತ್ತಿದ್ದುದೂ ಈ ದಾರಿಯಲ್ಲೇ.

ಈ ಬದುಕನ್ನು ಮುರಿದದ್ದು ಯುದ್ಧವಲ್ಲ. 19ನೆಯ ಶತಮಾನದಲ್ಲಿ ರಸ್ತೆಗಳು ಸುಧಾರಿಸಿ ಗಾಡಿಗಳು ಓಡತೊಡಗಿದವು. 1880ರ ದಶಕದಲ್ಲಿ ಹುಬ್ಬಳ್ಳಿ, ಹಾವೇರಿ, ಹರಿಹರಗಳನ್ನು ರೈಲು ಕೂಡಿಸಿತು. ಎತ್ತಿನ ಬೆನ್ನಿನ ಮೇಲಿನ ವ್ಯಾಪಾರ ರೈಲಿನ ಮುಂದೆ ನಿಲ್ಲಲಿಲ್ಲ. 1878ರ ಅರಣ್ಯ ಕಾಯ್ದೆಯ ನಂತರ ಕಾಡಿನ ಹೆಚ್ಚು ಭಾಗ ಮೀಸಲಾಯಿತು. ಮೇವಿಗೂ ಸೌದೆಗೂ ಅಡ್ಡಿ ಬಂತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆದಾಡುವ ಹಲವು ಜನರನ್ನು ಹುಟ್ಟಿನಿಂದಲೇ ಸಂಶಯಿತರನ್ನಾಗಿ ಮಾಡಿತು. ಕೆಲವು ಪ್ರಾಂತ್ಯಗಳಲ್ಲಿ ಬಂಜಾರರೂ ಅದರ ಬಲೆಗೆ ಬಿದ್ದರು. ನಡೆಯುವ ದಾರಿ ಮುಚ್ಚಿದಾಗ ನಿಲ್ಲಲೇಬೇಕಾಯಿತು. ಊರಿನಿಂದ ಒಂದೆರಡು ಹರದಾರಿ ದೂರದಲ್ಲಿ, ಗುಡ್ಡದ ಬುಡದಲ್ಲೋ ಕಾಡಿನ ಅಂಚಿನಲ್ಲೋ ಎಲ್ಲಿ ಎತ್ತು ಬಿಚ್ಚಿದರೋ ಅಲ್ಲೇ ತಾಂಡಾ ಆಯಿತು.

ತಾಂಡಾ ತನ್ನೊಳಗೆ ಒಂದು ಪೂರ್ಣ ಊರು. ಅದಕ್ಕೆ ನಾಯಕನಿದ್ದಾನೆ, ಕಾರಭಾರಿಯಿದ್ದಾನೆ. ಮರಿಯಮ್ಮನ ಗುಡಿಯಿದೆ, ಸೇವಾಲಾಲರ ಗುಡಿಯಿದೆ. ಸೇವಾಲಾಲರ ಹುಟ್ಟೂರೆಂದು ನಂಬುವ ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ ಹಿರೇಕೆರೂರಿನಿಂದ ಬಹಳ ದೂರವೇನಲ್ಲ. ಮನೆಯ ಮಾತು ಗೋರ್‌ಬೋಲಿ. ಅದಕ್ಕೆ ಸ್ವಂತ ಲಿಪಿಯಿಲ್ಲದ್ದರಿಂದ ಇಲ್ಲಿ ಬರೆಯುವುದು ಕನ್ನಡದಲ್ಲಿ. ದೀಪಾವಳಿಗೆ ಹುಡುಗಿಯರು ದೀಪ ಹಿಡಿದು ಮನೆಮನೆಗೂ ಹೋಗಿ ‘ಮೇರಾ’ ಹೇಳುತ್ತಾರೆ. ಕನ್ನಡಿ ಚೂರು ಹೊಲಿದ ಲಂಗ, ಕುಪ್ಪಸಗಳು ಅಜ್ಜಿಯರ ಪೆಟ್ಟಿಗೆ ಸೇರುತ್ತಿವೆ; ಸೊಸೆಯಂದಿರು ಸೀರೆ ಉಡುತ್ತಾರೆ. ಮಕ್ಕಳು ಕನ್ನಡ ಶಾಲೆಯಲ್ಲಿ ಓದುತ್ತಾರೆ. ಇತರರ ಅಡ್ಡಹೆಸರಿನಲ್ಲಿ ಒಂದು ಊರಿದ್ದರೆ, ಈ ಸೀಮೆಯ ತಾಂಡಾಗಳ ಬಹಳಷ್ಟು ಮಕ್ಕಳ ಅಡ್ಡಹೆಸರು ‘ಲಮಾಣಿ’. ಬಿಟ್ಟುಬಂದ ಊರೊಂದನ್ನು ಹೆಸರಿಸಲಾಗದವರಿಗೆ ಜನಾಂಗದ ಹೆಸರೇ ಊರಾಯಿತು ಎನ್ನಬಹುದು.

ಕಾಗದ ಕೇಳಿದ ಕಾಲ

ಕಾಗದ ಇಲ್ಲದಿದ್ದರೆ ಆಗುವ ನಷ್ಟವೇನು? ಇದನ್ನು ಮೊದಲು ಅನುಭವಿಸಿದವರು ಲಂಬಾಣಿಗಳಲ್ಲ, ಇನಾಮದಾರರು. 1852ರ ಕಾಯ್ದೆಯ ಬಲದಿಂದ ಬ್ರಿಟಿಷರ ಇನಾಮ್ ಕಮಿಷನ್ ಊರೂರಿಗೆ ಹೋಗಿ ಪ್ರತಿಯೊಂದು ಇನಾಮಿಗೂ ಆಧಾರ ಕೇಳಿತು. ಅಜ್ಜನ ಕಾಲದ ಸನದು ಗೆದ್ದಲು ತಿಂದಿದ್ದರೆ, ದಂಗೆಯಲ್ಲಿ ಸುಟ್ಟಿದ್ದರೆ, ಅಥವಾ ದಾನ ಬಾಯಿಮಾತಿನದಾಗಿದ್ದರೆ ಇನಾಮು ಹೋಯಿತು. ದಕ್ಷಿಣ ಮರಾಠಾ ಸೀಮೆಯಲ್ಲಿ ಆಗ ಹುಟ್ಟಿದ ಅಸಮಾಧಾನ 1858ರ ಬಂಡಾಯದ ಕಾರಣಗಳಲ್ಲಿ ಒಂದು. ಕಾಗದ ತೋರಿಸಿದವರ ಹಕ್ಕು ನೂರು ವರ್ಷ ಮುಂದುವರಿಯಿತು. ಸ್ವಾತಂತ್ರ್ಯದ ಬಳಿಕ ಮುಂಬಯಿ ಸರ್ಕಾರದ 1952ರ ಕಾಯ್ದೆ ವೈಯಕ್ತಿಕ ಇನಾಮುಗಳನ್ನು ರದ್ದು ಮಾಡಿತು. ಸೂರ್ಯಚಂದ್ರರಿರುವವರೆಗೆ ಎಂದು ಕೊಟ್ಟದ್ದು ವಿಧಾನಸಭೆಯ ಒಂದು ಮತದಿಂದ ಮುಗಿಯಿತು.

ದೇವರಾಜ ಅರಸು ಅವರ ಕಾಲದ 1974ರ ಭೂಸುಧಾರಣೆಯಿಂದ ಉಳುವವನೇ ಹೊಲದೊಡೆಯನಾದ. ಅದರ ಲಾಭ ಹೆಚ್ಚಾಗಿ ದೊರೆತದ್ದು ಗೇಣಿದಾರರೆಂದು ಸಾಧಿಸಬಲ್ಲವರಿಗೆ. ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಸರ್ಕಾರಿ ನೆಲದ ಮೇಲೆ ಗುಡಿಸಲು ಹಾಕಿಕೊಂಡವರಿಗೆ ಅಂಥ ಆಧಾರ ಎಲ್ಲಿಂದ ಬರಬೇಕು? ಕಂದಾಯ ಇಲಾಖೆಯ ನಕ್ಷೆಯಲ್ಲಿ ಊರಿಗೆ ಗಾಂವಠಾಣ ಇತ್ತು, ತಾಂಡಾಕ್ಕೆ ಇರಲಿಲ್ಲ. ಎಷ್ಟೋ ತಾಂಡಾಗಳು ಒಂದು ದೊಡ್ಡ ಹಳ್ಳಿಯ ಸರ್ವೆ ನಂಬರಿನ ಒಳಗೆ, ಅರಣ್ಯದ ಗಡಿಯೊಳಗೆ, ಅಥವಾ ಯಾರದೋ ಖಾಸಗಿ ಜಮೀನಿನಲ್ಲಿ ಇದ್ದವು. ಮೂರು ತಲೆಮಾರು ಇದ್ದ ಮನೆಗೂ ಉತಾರ ಇಲ್ಲ. ಉತಾರ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಸಾಲ ಇಲ್ಲ, ಮನೆ ಮಾರುವಂತಿಲ್ಲ, ಅಣ್ಣತಮ್ಮಂದಿರ ಪಾಲಿಗೆ ಬರೆಯುವಂತಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಈ ತೊಡಕು ಮತ್ತೆ ಎದುರಾಯಿತು. ಕಾಡಿನ ನೆಲದಲ್ಲಿರುವ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದುದನ್ನು ತೋರಿಸಿದರೆ ಸಾಕು. ಉಳಿದವರು ಆ ದಿನಾಂಕಕ್ಕೆ ಹಿಂದಿನ 75 ವರ್ಷಗಳ, ಅಂದರೆ ಮೂರು ತಲೆಮಾರುಗಳ, ವಾಸವನ್ನು ಸಾಧಿಸಬೇಕು. ತೆಲಂಗಾಣದಲ್ಲಿ ಲಂಬಾಣಿಗಳು ಪರಿಶಿಷ್ಟ ಪಂಗಡ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಹಾಗಾಗಿ ಇಲ್ಲಿಯ ತಾಂಡಾದ ಮುದುಕ 1930ರ ಕಾಗದ ಹುಡುಕಬೇಕು. ಅವನ ಹಿರಿಯರ ಬದುಕಿನ ರೀತಿಯೇ ಕಾಗದ ಇಟ್ಟುಕೊಳ್ಳದ ರೀತಿಯಾಗಿತ್ತು ಎಂಬುದು ಕಾಯ್ದೆಯ ಕಣ್ಣಿಗೆ ಬೀಳುವುದಿಲ್ಲ.

ಬೇರೆ ದೇಶದ ಒಂದು ಪಾಠ

ಬಂದು ನೆಲೆಸಿದವರ ಹಣೆಬರಹ ಕಾಗದದೊಂದಿಗೆ ಏರಿ ಇಳಿಯುವುದು ಈ ಸೀಮೆಯಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ರೊಮೇನಿಯಾ ದೇಶದ ಪಶ್ಚಿಮಕ್ಕೆ ಬನಾತ್ ಎಂಬ ಬಯಲುಸೀಮೆಯಿದೆ. 1718ರಲ್ಲಿ ಅದು ತುರ್ಕರಿಂದ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕೈಗೆ ಬಂದಾಗ, ಯುದ್ಧದಿಂದ ಬರಿದಾದ ನೆಲಕ್ಕೆ ಒಕ್ಕಲು ಬೇಕಾಗಿತ್ತು. ಅರಸರು ಜರ್ಮನ್ ಸೀಮೆಗಳಿಂದ ರೈತರನ್ನು ಕರೆಸಿ, ಡಾನ್ಯೂಬ್ ನದಿಯ ದೋಣಿಗಳಲ್ಲಿ ತಂದು, ಹೊಲ ಕೊಟ್ಟು, ಕೆಲವು ವರ್ಷ ಕಂದಾಯ ಮಾಫಿ ಮಾಡಿ ನೆಲೆಗೊಳಿಸಿದರು. ರೊಮೇನಿಯನ್, ಸರ್ಬ್, ಹಂಗೇರಿಯನ್ ಜನರ ಪಕ್ಕದಲ್ಲೇ ಅವರ ನೇರ ಬೀದಿಗಳ ಹಳ್ಳಿಗಳು ಎದ್ದವು. ಅವರು ಜೌಗು ಬಸಿದು ಗೋಧಿ ಬೆಳೆದರು, ಇನ್ನೂರು ವರ್ಷ ಬಾಳಿದರು. ಎರಡನೆಯ ಮಹಾಯುದ್ಧದ ಕೊನೆಗೆ, 1945ರಲ್ಲಿ, ಜರ್ಮನರೆಂಬ ಕಾರಣಕ್ಕೆ ಸಾವಿರಾರು ಜನರನ್ನು ದುಡಿಮೆಗಾಗಿ ಸೋವಿಯತ್ ಒಕ್ಕೂಟಕ್ಕೆ ಸಾಗಿಸಲಾಯಿತು. ಮುಂದೆ ಚೌಷೆಸ್ಕು ಸರ್ಕಾರ ಪಶ್ಚಿಮ ಜರ್ಮನಿಯಿಂದ ಹಣ ಪಡೆದು ಅವರಿಗೆ ದೇಶ ಬಿಡಲು ಅನುಮತಿ ಕೊಡುತ್ತಿತ್ತು. 1989ರಲ್ಲಿ ಆ ಸರ್ಕಾರ ಬಿದ್ದ ಮೇಲೆ ಉಳಿದವರಲ್ಲಿ ಹೆಚ್ಚಿನವರು ಹೊರಟುಹೋದರು. 2009ರ ನೊಬೆಲ್ ಪ್ರಶಸ್ತಿ ಪಡೆದ ಲೇಖಕಿ ಹೆರ್ಟಾ ಮ್ಯುಲ್ಲರ್ ಇಂಥದೇ ಒಂದು ಹಳ್ಳಿಯವರು. ಜರ್ಮನರು ಕಟ್ಟಿದ ಮನೆಗಳಲ್ಲಿ ಈಗ ಬೇರೆ ಜನರಿದ್ದಾರೆ.

ಅರಸನ ಆಹ್ವಾನದಿಂದ, ಅರಸನ ಪತ್ರ ಹಿಡಿದು ಬಂದವರು ಅಲ್ಲಿ ಉಳಿಯಲಿಲ್ಲ. ಕೊಟ್ಟ ಕೈ ಬದಲಾದರೆ ಕಾಗದದ ಬೆಲೆಯೂ ಬದಲಾಗುತ್ತದೆ ಎಂಬುದನ್ನು ಬನಾತೂ ಸವಣೂರೂ ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ. ಆದರೆ ಸವಣೂರಿನ ಪಾಲಿಗೆ ಒಂದು ಸಮಾಧಾನವಿದೆ. ಸನದು ಹೋದರೂ ಅದರ ಜೊತೆ ಬಂದ ಜನ ಹೋಗಲಿಲ್ಲ. ದರ್ಬಾರು ಮುಗಿದ ಮೇಲೂ ಪೇಟೆ ಇತ್ತು, ಎಲೆಬಳ್ಳಿಯ ತೋಟ ಇತ್ತು, ಸಂತೆ ಇತ್ತು.

ಬನಾತಿನಂಥ ಹೊಸ ಪ್ರಸಂಗವೊಂದು ಈ ತಾಲ್ಲೂಕುಗಳ ಗಡಿಯಲ್ಲೇ ನಡೆಯುತ್ತಿದೆ. ಹಾನಗಲ್ಲು, ಶಿಗ್ಗಾವಿಗಳಿಗೆ ಹತ್ತಿಕೊಂಡಿರುವ ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ಸುಮಾರು 4,000 ಎಕರೆ ನೆಲ ನೀಡಲಾಯಿತು. ಕಾಡು ಕಡಿದು, ಮುಸುಕಿನ ಜೋಳ ಬೆಳೆದು, ಲ್ಹಾಸಾದ ಡ್ರೆಪುಂಗ್, ಗಾಂಡೆನ್ ಮಠಗಳನ್ನು ಅವರು ಇಲ್ಲಿ ಮತ್ತೆ ಕಟ್ಟಿದರು. ಅವರ ಕೈಯಲ್ಲಿರುವುದು ಸರ್ಕಾರದ ಗುತ್ತಿಗೆಯ ಕಾಗದ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂಬ ನಿಯಮ ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ಹೇಳಿತು. ಅಷ್ಟರಲ್ಲಿ ಯುವಕರು ಪಾಶ್ಚಾತ್ಯ ದೇಶಗಳತ್ತ ಹೊರಟಿದ್ದರು. ಹೊಲಗಳಲ್ಲಿ ದುಡಿಯಲು ಸುತ್ತಲಿನ ಹಳ್ಳಿಗಳ, ತಾಂಡಾಗಳ ಕೂಲಿಯವರು ಬರುತ್ತಾರೆ.

ಮನೆಯೊಡೆಯನಾದ ಮೇಲೆ

ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ ತಂದ ಒಂದು ತಿದ್ದುಪಡಿ 2017ರಲ್ಲಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಹಳೆಯ ಮಾತಿನ ಜೊತೆಗೆ ‘ವಾಸಿಸುವವನೇ ಮನೆಯೊಡೆಯ’ ಎಂಬ ಹೊಸ ಮಾತು ಸೇರಿತು. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ಮನೆಗಳಿಗೆ ಹಕ್ಕುಪತ್ರ ಕೊಡುವುದು ಇದರ ಉದ್ದೇಶ. 2023ರ ಜನವರಿಯಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಇಂಥ ಪತ್ರಗಳನ್ನು ನೀಡುವ ಕಾರ್ಯಕ್ರಮ ನಡೆಯಿತು. ಹಾವೇರಿ ಜಿಲ್ಲೆಯ ತಾಂಡಾಗಳಿಗೂ ಅನ್ವಯಿಸುವುದು ಇದೇ ಕಾಯ್ದೆ.

ಹಕ್ಕುಪತ್ರ ಮನೆಯ ಜಾಗಕ್ಕೆ, ಹೊಲಕ್ಕಲ್ಲ. ಕಾಡಿನ ಗಡಿಯೊಳಗಿರುವ ತಾಂಡಾಗಳ ಪ್ರಶ್ನೆ ಬೇರೆಯೇ. ಬಿತ್ತನೆ ಮುಗಿದ ಮೇಲೆ ತಾಂಡಾದ ಬಹಳಷ್ಟು ಮನೆಗಳಿಗೆ ಬೀಗ ಬೀಳುತ್ತದೆ. ಜನ ಗೋವಾ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು ಹೋಗುತ್ತಾರೆ. ಎತ್ತುಗಳ ಬದಲು ಬಸ್ಸು, ಉಪ್ಪಿನ ಬದಲು ಸಿಮೆಂಟು. ಅವರು ಹೋದ ಕಡೆ ‘ಹೊರಗಿನವರು’ ಎನಿಸಿಕೊಳ್ಳುತ್ತಾರೆ. ಮರಳಿದಾಗ ತಮ್ಮ ಮನೆಯ ಕಾಗದ ತಮ್ಮ ಹೆಸರಿನಲ್ಲಿದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುತ್ತಾರೆ.

ಹಾನಗಲ್ಲಿನ ಶಾಸನಗಳಲ್ಲಿ ಹೆಸರಿರುವ ಮಹಾಜನರೂ, ಆಳಂದದ ರಾಮಯ್ಯನೂ, ಮಿಯಾನಾ ಪಠಾಣರೂ, ಉಪ್ಪಿನ ಎತ್ತು ಹೊಡೆದುಕೊಂಡು ಬಂದ ನಾಯಕರೂ ಈ ಸೀಮೆಗೆ ಬಂದ ಕಾಲ ಬೇರೆ ಬೇರೆ. ಬಂದ ಕಾರಣ ಮಾತ್ರ ಹೆಚ್ಚುಕಡಿಮೆ ಒಂದೇ: ಇಲ್ಲಿ ಅವರಿಂದ ಆಗಬೇಕಾದ ಕೆಲಸವಿತ್ತು. ಮೊದಲ ಮೂವರ ಹೆಸರನ್ನು ಕಲ್ಲೋ ಸನದೋ ಕಾದುಕೊಂಡಿತು. ನಾಲ್ಕನೆಯವರ ಮೊಮ್ಮಕ್ಕಳ ಹೆಸರು ಈಗ ಉತಾರದಲ್ಲಿ ಮೊದಲ ಬಾರಿಗೆ ಬರೆಯಲ್ಪಡಬೇಕಾಗಿದೆ. ಅದನ್ನು ಬರೆಯಬೇಕಾದ ಕಚೇರಿಗಳಿರುವುದು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲೇ. ತಾಂಡಾಗಳಿಂದ ಅಲ್ಲಿಗೆ ಒಂದು ತಾಸಿನ ಬಸ್ಸಿನ ದಾರಿ.